ರಸ್ತೆಗಿಂತ ಮೊದಲು ಬರುವುದು ಗೆರೆ: ರಾಲಿಯ 540 ಹೆದ್ದಾರಿ ನಮ್ಮ ಪಕ್ಕಕ್ಕೆ ಬಂದ ಬಗೆ

ಅಮೆರಿಕದ ಉತ್ತರ ಕೆರೊಲಿನಾದಲ್ಲಿ, ರಾಲಿ ನಗರದ ದಕ್ಷಿಣಕ್ಕೆ ಹಾಲಿ ಸ್ಪ್ರಿಂಗ್ಸ್ ಅಂತ ಒಂದು ಊರಿದೆ. 2000ದ ಜನಗಣತಿಯಲ್ಲಿ ಅಲ್ಲಿ ಇದ್ದವರು 9,192 ಜನ. 2020ರ ಹೊತ್ತಿಗೆ ಅದು 41,239 ಆಯಿತು. ಪಕ್ಕದ ಏಪೆಕ್ಸ್ ಅದೇ ಇಪ್ಪತ್ತು ವರ್ಷದಲ್ಲಿ 20 ಸಾವಿರದಿಂದ 58 ಸಾವಿರ ದಾಟಿತು. ಈ ಊರುಗಳಿರುವ ವೇಕ್ ಕೌಂಟಿಯ ಜನಸಂಖ್ಯೆ 11 ಲಕ್ಷ ಮೀರಿತು. ಕೆಲಸಕ್ಕಾಗಿ ಬಂದ ಕನ್ನಡದವರು ಕ್ಯಾರಿ, ಮಾರಿಸ್‌ವಿಲ್, ಏಪೆಕ್ಸ್ ಕಡೆ ಬೇಕಾದಷ್ಟು ಜನ ಇದ್ದೇವೆ. ನಾವು 2009ರಲ್ಲಿ ಇಲ್ಲಿ ಮನೆ ತಗೊಂಡೆವು. ಆಮೇಲಿನ ಹದಿನೈದು ವರ್ಷ, ಹತ್ತಿರದಲ್ಲೇ ಒಂದು ಹೊಸ ಫ್ರೀವೇ ಕಾಗದದಿಂದ ನೆಲಕ್ಕೆ ಇಳಿಯುವುದನ್ನು ನೋಡಿದೆ. ಅದರ ಸಭೆಗಳಿಗೆ ಹೋದೆ, ವರದಿಗಳನ್ನು ಓದಿದೆ, ಪತ್ರ ಬರೆದೆ, ಮತ ಹಾಕಿದೆ. ಬೆಂಗಳೂರಿನ ಸುತ್ತ ಇಂಥದ್ದೇ ರಸ್ತೆಗಳ ಮಾತು ನಡೆಯುತ್ತಿರುವಾಗ ಇದನ್ನು ಬರೆದಿಡಬೇಕು ಅನ್ನಿಸಿತು.

ಮನೆ ತೋರಿಸಿದ ಏಜೆಂಟ್ ಶಾಲೆ, ಪಾರ್ಕು, ಅಂಗಡಿ ಎಲ್ಲದರ ಬಗ್ಗೆ ಹೇಳಿದರು. ಹೆದ್ದಾರಿಯ ಸುದ್ದಿ ಎತ್ತಲಿಲ್ಲ. ಅದನ್ನು ನಾನೇ ಊರಿನ ಯೋಜನಾ ನಕ್ಷೆಯಲ್ಲಿ ನೋಡಿದೆ. ನಮ್ಮ ಬಡಾವಣೆಯ ಹಿಂದಿನ ಪೈನ್ ಕಾಡಿನ ಮೇಲೆ ಅಗಲವಾದ ಒಂದು ಪಟ್ಟಿ ಎಳೆದಿತ್ತು. ಎಡಕ್ಕೂ ಬಲಕ್ಕೂ ಬಡಾವಣೆಗಳು ಒತ್ತಾಗಿ ಬೆಳೆದಿದ್ದವು. ಆ ಪಟ್ಟಿಯೊಳಗೆ ಮಾತ್ರ ಹಳೇ ಮನೆ, ಹೊಲ, ಕಾಡು, ಅಷ್ಟೇ.

ರಾಲಿಯ ಸುತ್ತ ಒಂದು ಹೊರವರ್ತುಲ ರಸ್ತೆ ಬೇಕು ಅನ್ನುವ ಯೋಚನೆ 1970ರ ದಶಕದ್ದು. ಅದೇ ಈ 540. ಅದರ ಮೊದಲ ತುಂಡು ತೆರೆದದ್ದು 1997ರಲ್ಲಿ. ಉತ್ತರದ ಭಾಗ 2007ಕ್ಕೆ ಮುಗಿಯಿತು. ಅದು ಸರ್ಕಾರದ ಮಾಮೂಲಿ ರಸ್ತೆ ಹಣದಲ್ಲಿ ಆದದ್ದು, ಹಾಗಾಗಿ ಓಡಾಟ ಪುಕ್ಕಟೆ. ಪಶ್ಚಿಮಕ್ಕೆ ಬರುವ ಹೊತ್ತಿಗೆ ದುಡ್ಡು ಸಾಲದಾಯಿತು. 2002ರಲ್ಲಿ ರಾಜ್ಯ ಟೋಲ್ ರಸ್ತೆಗಳಿಗೆಂದೇ ಒಂದು ಪ್ರಾಧಿಕಾರ ಮಾಡಿತ್ತು. ಸಾಲ ಎತ್ತಿ ಕಟ್ಟಿದ ಆ ಪಶ್ಚಿಮ ಭಾಗವೇ ಟ್ರಯಾಂಗಲ್ ಎಕ್ಸ್‌ಪ್ರೆಸ್‌ವೇ. 2013ರ ಹೊತ್ತಿಗೆ ಅದು ಹಾಲಿ ಸ್ಪ್ರಿಂಗ್ಸ್ ಹತ್ತಿರ, 55ನೇ ನಂಬರಿನ ಹೆದ್ದಾರಿಯ ಬೈಪಾಸ್ ತನಕ ತೆರೆಯಿತು. ಅಲ್ಲಿಗೆ ನಿಂತಿತು. ಪೂರ್ವಕ್ಕೆ ಹೋಗಬೇಕಾದವರು ಅಲ್ಲಿಂದ ಮುಂದೆ ಟೆನ್-ಟೆನ್ ರೋಡಿಗೆ ಇಳಿಯಬೇಕಿತ್ತು. ಅದು ಎಷ್ಟೋ ಕಡೆ ಎರಡೇ ಲೇನಿನ ಹಳ್ಳಿ ರಸ್ತೆ. ಬೆಳಗ್ಗೆ ಅಲ್ಲಿ ಶಾಲಾ ಬಸ್ಸು ನಿಂತರೆ ಹಿಂದೆ ಅರ್ಧ ಮೈಲಿ ಕಾರು ನಿಲ್ಲುತ್ತಿತ್ತು. ರಸ್ತೆ ಬೇಕೋ ಬೇಡವೋ ಅನ್ನುವ ವಾದ ನಮ್ಮ ಕಡೆ ಹೆಚ್ಚು ಜನರಿಗೆ ಇರಲಿಲ್ಲ. ಎಲ್ಲಿ ಅನ್ನುವುದೇ ವಾದ.

ಇನ್ನು ಆ ಪಟ್ಟಿಯ ಕಥೆ. 1987ರಲ್ಲಿ ಉತ್ತರ ಕೆರೊಲಿನಾ ಒಂದು ಕಾನೂನು ತಂದಿತು. ಜನ ಅದನ್ನು ಮ್ಯಾಪ್ ಆಕ್ಟ್ ಅಂತಲೇ ಕರೆಯುತ್ತಾರೆ. ಮುಂದೆ ಯಾವತ್ತೋ ಮಾಡುವ ಹೆದ್ದಾರಿಗೆ ರಾಜ್ಯ ಮೊದಲೇ ಒಂದು ನಕ್ಷೆ ದಾಖಲು ಮಾಡಬಹುದಿತ್ತು. ದಾಖಲಾದ ಮೇಲೆ ಆ ಗೆರೆಯೊಳಗೆ ಮನೆ ಕಟ್ಟುವ ಪರವಾನಗಿಯನ್ನು, ಅರ್ಜಿ ಹಾಕಿದ ಮೇಲೆ ಮೂರು ವರ್ಷದ ತನಕ ತಡೆಹಿಡಿಯಬಹುದಿತ್ತು. ಗೆರೆಗೆ ಮಾತ್ರ ಕೊನೆಯ ದಿನವೇ ಇರಲಿಲ್ಲ. ಜಮೀನನ್ನು ಸೈಟುಗಳಾಗಿ ವಿಂಗಡಿಸುವುದಕ್ಕೂ ಅದೇ ತಡೆ. ಬದಲಿಗೆ ಆಸ್ತಿ ತೆರಿಗೆಯಲ್ಲಿ ರಿಯಾಯಿತಿ. ಜಮೀನು ಮಾತ್ರ ಮಾಲೀಕರ ಹೆಸರಲ್ಲೇ ಇರುತ್ತಿತ್ತು, ಸರ್ಕಾರ ಕೊಂಡುಕೊಳ್ಳುತ್ತಿರಲಿಲ್ಲ. ನಮ್ಮ ಹಿಂದಿನ ಪಟ್ಟಿ ಹೀಗೆ ದಾಖಲಾದದ್ದು 1990ರ ದಶಕದ ನಡುವಿನಲ್ಲಿ. ಅಂದರೆ ರಸ್ತೆಗೆ ಇನ್ನೂ ಹಣವಿಲ್ಲ, ಪರಿಸರದ ಅಧ್ಯಯನ ಆಗಿಲ್ಲ, ಆಗಲೇ ಜಮೀನಿಗೆ ಬೀಗ ಬಿದ್ದಿತ್ತು.

ಇದರ ಉದ್ದೇಶ ತಪ್ಪು ಅಂತ ನಾನು ಹೇಳುವುದಿಲ್ಲ. ವೇಗವಾಗಿ ಬೆಳೆಯುವ ಕಡೆ ಮೊದಲೇ ಜಾಗ ಹಿಡಿದಿಡದಿದ್ದರೆ ಮುಂದೆ ಸಾವಿರ ಮನೆ ಒಡೆಯಬೇಕಾಗುತ್ತದೆ. ಊರಿನವರಿಗೂ ಎಲ್ಲಿ ಶಾಲೆ ಕಟ್ಟಬೇಕು, ಎಲ್ಲಿ ಕಟ್ಟಬಾರದು ಅಂತ ಗೊತ್ತಾಗುತ್ತದೆ. ಆದರೆ ಈ ಒಳ್ಳೆಯ ಕೆಲಸದ ಖರ್ಚನ್ನು ಯಾರು ಹೊರುತ್ತಿದ್ದಾರೆ ಅಂತ ನನಗೆ ಅರ್ಥವಾದದ್ದು ಒಬ್ಬ ಹಿರಿಯ ರೈತರ ಜೊತೆ ಮಾತಾಡಿದಾಗ.

ಅವರು ಸಿಕ್ಕಿದ್ದು 2015ರ ಡಿಸೆಂಬರಿನ ಸಾರ್ವಜನಿಕ ಸಭೆಯಲ್ಲಿ. ಆ ಸಭೆಯ ಹಿಂದೆ ಒಂದು ದೊಡ್ಡ ಜಗಳ ಇತ್ತು, ಅದನ್ನು ಮೊದಲು ಹೇಳಬೇಕು.

ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ ಇಂಥ ರಸ್ತೆಗೆ ಒಂದೇ ದಾರಿ ತೋರಿಸಿದರೆ ಸಾಲದು. ಬೇರೆ ಬೇರೆ ದಾರಿಗಳನ್ನು ಅಕ್ಕಪಕ್ಕ ಇಟ್ಟು ಅಳೆಯಬೇಕು. ಎಷ್ಟು ಮನೆ ಹೋಗುತ್ತವೆ, ಎಷ್ಟು ಜೌಗು ಭೂಮಿ ಹೋಗುತ್ತದೆ, ತೊರೆಗಳಿಗೆ ಏನಾಗುತ್ತದೆ, ಎಲ್ಲವೂ ಲೆಕ್ಕಕ್ಕೆ ಬರಬೇಕು. ಇಲ್ಲಿ ಪ್ರತಿ ದಾರಿಗೂ ಒಂದೊಂದು ಬಣ್ಣದ ಹೆಸರಿಟ್ಟಿದ್ದರು. ಹಳೇ ಪಟ್ಟಿಯದು ಕಿತ್ತಳೆ. ಅದರ ಜೊತೆ ಕೆಂಪು, ಲೈಲಾಕ್, ನೇರಳೆ, ನೀಲಿ. ಪೂರ್ವದ ಕಡೆ ಹಸಿರು, ಮಿಂಟ್, ಟ್ಯಾನ್, ಟೀಲ್ ಅಂತ ಮತ್ತೊಂದಷ್ಟು. ಕೆಂಪು ದಾರಿ ಗಾರ್ನರ್ ಊರೊಳಗೆ ಹಾದುಹೋಗುತ್ತಿತ್ತು. 2010ರ ಕೊನೆಗೆ ಅದು ನಕ್ಷೆಯಲ್ಲಿ ಕಾಣಿಸಿದಾಗ ಗಾರ್ನರ್ ಪೂರ್ತಿ ಎದ್ದು ನಿಂತಿತು. ಮನೆಗಳು, ಉದ್ಯಮಗಳ ಜಾಗ ಎಲ್ಲ ಇಬ್ಭಾಗ ಆಗುತ್ತದಲ್ಲ ಅನ್ನುವುದು ಅವರ ಸಂಕಟ. 2011ರಲ್ಲಿ ರಾಜ್ಯದ ಶಾಸನಸಭೆ ಕೆಂಪು ದಾರಿಯನ್ನು ಅಧ್ಯಯನವನ್ನೇ ಮಾಡಕೂಡದು ಅಂತ ಕಾನೂನು ಮಾಡಿಬಿಟ್ಟಿತು.

ಗಾರ್ನರ್ ಗೆದ್ದಿತು ಅಂತ ಆಗ ಎಲ್ಲರೂ ತಿಳಿದರು. ಆದರೆ ಕೇಂದ್ರದ ಸಂಸ್ಥೆಗಳು ಒಪ್ಪಲಿಲ್ಲ. ಕಾರಣ ಸ್ವಿಫ್ಟ್ ಕ್ರೀಕ್ ಅನ್ನುವ ತೊರೆಯಲ್ಲಿ ಬದುಕುವ ಒಂದು ಕಪ್ಪೆಚಿಪ್ಪು. ಅದರ ಹೆಸರು ಡ್ವಾರ್ಫ್ ವೆಜ್‌ಮಸೆಲ್. ಎರಡು ಇಂಚೂ ಇಲ್ಲ. 1990ರಿಂದ ಅಳಿವಿನಂಚಿನ ಜೀವಿಗಳ ಪಟ್ಟಿಯಲ್ಲಿದೆ. ಕಿತ್ತಳೆ ದಾರಿ ಅದಿರುವ ಕಡೆಯೇ ತೊರೆ ದಾಟುತ್ತಿತ್ತು. ಕೆಂಪು ದಾರಿ ದಾಟುತ್ತಿದ್ದದ್ದು ಬೆನ್ಸನ್ ಕೆರೆಯ ಮೇಲ್ಭಾಗದಲ್ಲಿ, ಅಲ್ಲಿ ಈ ಜೀವಿ ಇಲ್ಲ. ಕೆಂಪನ್ನು ಅಳೆಯದೆ ಕಿತ್ತಳೆಯೇ ಸರಿ ಅಂತ ಹೇಗೆ ಹೇಳುತ್ತೀರಿ ಅಂತ ಅವರು ಕೇಳಿದರು. ಕೆಲಸ ನಿಂತಿತು. ಕೊನೆಗೆ 2013ರಲ್ಲಿ ಶಾಸನಸಭೆ ತನ್ನ ಕಾನೂನನ್ನು ತಾನೇ ವಾಪಸ್ ತಗೊಂಡಿತು. ಎಲ್ಲ ಬಣ್ಣಗಳೂ ಮತ್ತೆ ಮೇಜಿನ ಮೇಲೆ ಬಂದವು. ಎರಡು ವರ್ಷಕ್ಕೂ ಹೆಚ್ಚು ಸಮಯ ಹೀಗೇ ಹೋಯಿತು. ಒಂದು ದಾರಿಯನ್ನು ಅಧ್ಯಯನದಿಂದಲೇ ಹೊರಗಿಟ್ಟರೆ ಅದರಿಂದ ಯಾರಿಗೂ ನೆಮ್ಮದಿ ಸಿಗುವುದಿಲ್ಲ ಅಂತ ನನಗೆ ಆಗ ಮನವರಿಕೆ ಆಯಿತು. ಅಳೆದು, ಕಾರಣ ಬರೆದು ಕೈಬಿಟ್ಟರೆ ಮಾತ್ರ ಆ ದಾರಿ ನಿಜವಾಗಿ ಮುಗಿಯುತ್ತದೆ.

2015ರ ನವೆಂಬರಿನಲ್ಲಿ ಕರಡು ವರದಿ ಬಂತು. ಬಣ್ಣಗಳನ್ನು ಜೋಡಿಸಿ ಒಟ್ಟು 17 ಪೂರ್ತಿ ದಾರಿಗಳನ್ನು ಅದರಲ್ಲಿ ಹೋಲಿಸಿದ್ದರು. ಮುಂದಿನ ತಿಂಗಳೇ ಸಭೆ. ಉದ್ದುದ್ದ ಮೇಜುಗಳ ಮೇಲೆ ವಿಮಾನದಿಂದ ತೆಗೆದ ಚಿತ್ರಗಳನ್ನು ಹಾಸಿ, ಅದರ ಮೇಲೆ ಬಣ್ಣದ ಪಟ್ಟಿಗಳನ್ನು ಬಿಡಿಸಿದ್ದರು. ಬಂದವರೆಲ್ಲ ಮೊದಲು ತಮ್ಮ ಮನೆ ಹುಡುಕುತ್ತಿದ್ದರು. ನಾನೂ ಅದನ್ನೇ ಮಾಡಿದೆ. ಕಿತ್ತಳೆ ನಮ್ಮ ಮನೆಯನ್ನು ಮುಟ್ಟುತ್ತಿರಲಿಲ್ಲ, ಪಕ್ಕದಲ್ಲಿ ಹಾದು ಹೋಗುತ್ತಿತ್ತು. ನನ್ನ ಪಕ್ಕ ನಿಂತಿದ್ದ ಆ ರೈತರ ಜಮೀನು ಮಾತ್ರ ಪೂರ್ತಿ ಕಿತ್ತಳೆಯೊಳಗೆ. ಮಗಳು ಮನೆ ಕಟ್ಟಿಕೊಳ್ಳಲಿ ಅಂತ ಒಂದು ಎಕರೆ ಬಿಡಿಸಿಕೊಡಲು ಅವರಿಂದ ಆಗಿರಲಿಲ್ಲ. ಮಾರೋಣ ಅಂದರೆ, ನಾಳೆ ಹೆದ್ದಾರಿ ಬರುವ ಜಾಗವನ್ನು ಯಾರು ಕೊಳ್ಳುತ್ತಾರೆ? ಹೆಂಡತಿಗೆ ಕಾಯಿಲೆ, ಕೈಯಲ್ಲಿ ದುಡ್ಡಿಲ್ಲ. "ತಗೊಳ್ಳೋದಾದರೆ ತಗೊಳ್ಳಲಿ. ಬಿಡೋದಾದರೆ ಬಿಡಲಿ" ಅಂದರು. ಅವರಿಗೆ ರಸ್ತೆಯ ಮೇಲೆ ಸಿಟ್ಟಿರಲಿಲ್ಲ. ಕಾದು ಕಾದು ಅವರು ದಣಿದಿದ್ದರು.

ಮನೆಗೆ ಬಂದು ಆ ವರದಿಯ ಕೋಷ್ಟಕಗಳನ್ನು ನೋಡಿದೆ. ಲೈಲಾಕ್ ದಾರಿಗೆ ಕಿತ್ತಳೆಗಿಂತ ಜಾಸ್ತಿ ಮನೆ ಹೋಗುತ್ತಿದ್ದವು. ಯಾಕೆ ಅಂತ ಯೋಚಿಸಿದರೆ ಉತ್ತರ ಸುಲಭ. ಕಿತ್ತಳೆಯೊಳಗೆ ಅಷ್ಟು ವರ್ಷ ಯಾರನ್ನೂ ಕಟ್ಟಲು ಬಿಟ್ಟಿರಲಿಲ್ಲ. ಅಂದರೆ ಉಳಿದವರ ಮನೆಗಳು ಉಳಿದದ್ದು ಈ ರೈತರಂಥವರು ಸುಮ್ಮನೆ ಕೂತದ್ದರಿಂದ. ನನ್ನ ಮನೆಯೂ ಅದರಲ್ಲಿ ಸೇರಿದೆ.

ಸಭೆಯಲ್ಲಿದ್ದ ಒಬ್ಬ ಎಂಜಿನಿಯರ್ ನನಗೆ ಒಳ್ಳೆಯ ಮಾತು ಹೇಳಿದರು. ಬೇಕು, ಬೇಡ ಅಂತ ಬರೆದ ಪತ್ರಗಳೂ ಲೆಕ್ಕಕ್ಕೆ ಬರುತ್ತವೆ. ಆದರೆ ನಮಗೆ ಗೊತ್ತಿಲ್ಲದ್ದನ್ನು ನೀವು ತಿಳಿಸಿದರೆ ನಾವು ಅದಕ್ಕೆ ಉತ್ತರ ಕೊಡಲೇಬೇಕು ಅಂದರು. ಮಳೆಯಲ್ಲಿ ಯಾವ ಮೋರಿ ಉಕ್ಕುತ್ತದೆ, ಯಾವ ರಸ್ತೆ ದಾಟಿ ಮಕ್ಕಳು ಆಟಕ್ಕೆ ಹೋಗುತ್ತಾರೆ, ಎಲ್ಲಿ ಹಳೇ ಸಮಾಧಿಗಳಿವೆ, ಇಂಥವು. ಅದರ ಮೇಲೆ ನಮ್ಮ ಬೀದಿಯ ಕೆಲವರು ಕೂತು ಬರೆದೆವು. ಒಂದು ಮನೆಯವರು ತಮ್ಮ ಹಿಂದಿನ ಹಳ್ಳ ಎಲ್ಲಿ ತನಕ ತುಂಬುತ್ತದೆ ಅಂತ ಫೋಟೋ ಹಾಕಿದರು. ನಾನು ಹೆದ್ದಾರಿಯ ಮೇಲೆ ಬರುವ ಊರಿನ ಸೇತುವೆಗಳ ಬಗ್ಗೆ ಬರೆದೆ. ಈಗ ಅಲ್ಲಿ ಫುಟ್‌ಪಾತ್ ಇಲ್ಲ ನಿಜ. ಆದರೆ ಎರಡೂ ಕಡೆ ಬಡಾವಣೆ ಬರುತ್ತಿವೆ, ಸೇತುವೆ ಒಮ್ಮೆ ಕಟ್ಟಿದರೆ ಐವತ್ತು ವರ್ಷ ಇರುತ್ತದೆ, ನಡೆಯುವವರಿಗೆ ಇವತ್ತೇ ಜಾಗ ಬಿಡಿ ಅಂತ ಕೇಳಿದೆ. ಕಿತ್ತಳೆ ದಾರಿಯ ಜನರ ಜಮೀನನ್ನು ಬೇಗ ಕೊಂಡುಕೊಳ್ಳಿ ಅಂತಲೂ ಸೇರಿಸಿದೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಇಲ್ಲಿ ಇಷ್ಟೆಲ್ಲ ಕೇಳುವ ಪದ್ಧತಿ ತಾನಾಗಿ ಬಂದದ್ದಲ್ಲ. ನಮ್ಮಿಂದ ಅರ್ಧ ಗಂಟೆ ದೂರದ ಡರ್ಹಮ್‌ನಲ್ಲಿ ಹೇಟಿ ಅಂತ ಕಪ್ಪು ಜನರ ಒಂದು ಬಡಾವಣೆ ಇತ್ತು. ಅಂಗಡಿ, ಚರ್ಚು, ಥಿಯೇಟರ್ ಎಲ್ಲ ಇದ್ದ, ಕೈತುಂಬ ಕೆಲಸವಿದ್ದ ಜಾಗ. 1960ರ ದಶಕದಿಂದ ಡರ್ಹಮ್ ಫ್ರೀವೇ ಮತ್ತು ನಗರ ನವೀಕರಣದ ಹೆಸರಲ್ಲಿ ಅದನ್ನು ಕೆಡವಿದರು. ದೇಶದ ತುಂಬ ಹೀಗೇ ಆಯಿತು. ಪರಿಸರದ ಅಧ್ಯಯನ ಕಡ್ಡಾಯ ಮಾಡಿದ ಕೇಂದ್ರ ಕಾನೂನಿಗೆ ಸಹಿ ಬಿದ್ದದ್ದು 1970ರ ಜನವರಿ 1ರಂದು. ಇಷ್ಟೊಂದು ಕಾಗದ ಯಾಕೆ, ಇಷ್ಟು ತಡ ಯಾಕೆ ಅಂತ ಯಾರಾದರೂ ಗೊಣಗಿದರೆ ನಾನು ಹೇಟಿಯ ಕಥೆ ಹೇಳುತ್ತೇನೆ.

2016ರ ಏಪ್ರಿಲಿನಲ್ಲಿ ಕಿತ್ತಳೆಯನ್ನೇ ಆರಿಸಿದರು. ಅದೇ ವರ್ಷ ಜೂನಿನಲ್ಲಿ ಇನ್ನೊಂದು ದೊಡ್ಡ ಸುದ್ದಿ ಬಂತು. ವಿನ್‌ಸ್ಟನ್-ಸೇಲಂ ಕಡೆಯ ಜಮೀನುದಾರರು ಮ್ಯಾಪ್ ಆಕ್ಟ್ ವಿರುದ್ಧ ಹಾಕಿದ್ದ ಕಿರ್ಬಿ ಮೊಕದ್ದಮೆಯಲ್ಲಿ ರಾಜ್ಯದ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಗೆರೆ ದಾಖಲು ಮಾಡಿ ಯಾವ ಅವಧಿಯೂ ಇಲ್ಲದೆ ಕಟ್ಟಲು ಬಿಡದಿದ್ದರೆ, ಅದು ಆಸ್ತಿಯ ಹಕ್ಕನ್ನು ಕಿತ್ತುಕೊಂಡ ಹಾಗೆ. ಅದಕ್ಕೆ ಪರಿಹಾರ ಕೊಡಬೇಕು. ತೀರ್ಪಿನ ಬೆನ್ನಲ್ಲೇ ಆ ನಕ್ಷೆಗಳನ್ನು ರದ್ದು ಮಾಡಿದರು. 2019ರಲ್ಲಿ ಕಾನೂನನ್ನೇ ತೆಗೆದುಹಾಕಿದರು.

ಈ ಸುದ್ದಿಯನ್ನು ನಾನು ಊರಿಗೆ ಫೋನ್ ಮಾಡಿ ನಮ್ಮ ಸೋದರಮಾವನಿಗೆ ಹೇಳಿದೆ. ಅವರಿಗೆ ಹಳೇ ಮದ್ರಾಸ್ ರಸ್ತೆಯ ಆಚೆ ಸ್ವಲ್ಪ ಜಮೀನಿದೆ. ಒಂದಷ್ಟು ದ್ರಾಕ್ಷಿ, ಒಂದಷ್ಟು ರಾಗಿ. ಬೆಂಗಳೂರಿನ ಪೆರಿಫೆರಲ್ ರಿಂಗ್ ರೋಡಿಗೆ ಅದರಲ್ಲಿ ಅರ್ಧ ಹೋಗುತ್ತದೆ. ತುಮಕೂರು ರಸ್ತೆಯಿಂದ ಬಳ್ಳಾರಿ ರಸ್ತೆ, ಹಳೇ ಮದ್ರಾಸ್ ರಸ್ತೆ ದಾಟಿ ಹೊಸೂರು ರಸ್ತೆ ತನಕ ಸುಮಾರು 73 ಕಿಲೋಮೀಟರ್ ಬರಬೇಕಾದ ರಸ್ತೆ ಅದು. ಮೊದಲ ನೋಟಿಫಿಕೇಶನ್ 2005ರಲ್ಲಿ, ಕೊನೆಯದು 2007ರಲ್ಲಿ. 1,800 ಎಕರೆಗೂ ಜಾಸ್ತಿ ಜಮೀನು. ಅಂದಿನಿಂದ ಮಾವನ ಪಹಣಿಗೆ ಬ್ಯಾಂಕಿನಲ್ಲಿ ಸಾಲ ಹುಟ್ಟುವುದಿಲ್ಲ. ಹೊಸ ಬೋರ್‌ವೆಲ್ ಕೊರೆಸಲೋ ಬೇಡವೋ, ದ್ರಾಕ್ಷಿ ಕಂಬ ಬದಲಾಯಿಸಲೋ ಬೇಡವೋ ಅನ್ನುವ ಯೋಚನೆಯಲ್ಲೇ ಅವರ ವಯಸ್ಸು ಕಳೆಯಿತು.

"ಏನಪ್ಪಾ, ಗೆರೆ ಹಾಕಿದ್ದೇ ತಪ್ಪು ಅಂತ ಹೇಳಿದ್ರಾ ಕೋರ್ಟಿನೋರು?" ಅಂತ ಕೇಳಿದರು.

"ಗೆರೆ ಹಾಕಿದ್ದು ತಪ್ಪಲ್ಲ ಮಾವ. ದುಡ್ಡು ಕೊಡದೆ ಹಾಕಿಟ್ಟಿದ್ದು ತಪ್ಪು ಅಂತ."

ಸ್ವಲ್ಪ ಹೊತ್ತು ಬಿಟ್ಟು, "ಅದೇ ನೋಡು ನಮ್ಮ ಮಾತೂ" ಅಂದರು.

ಬೆಂಗಳೂರಿನ ಕಥೆ ಆಮೇಲೂ ಎಳೆಯಿತು. ಹೊಸದಾಗಿ ಪರಿಸರ ಅಧ್ಯಯನ ಮಾಡಿ ಅಂತ 2020ರಲ್ಲಿ ನಮ್ಮ ದೇಶದ ಸುಪ್ರೀಂ ಕೋರ್ಟೇ ಹೇಳಿತು. ಮೊದಲು ಇನ್ನೂರು ಮರ ಅಂದಿದ್ದವರು ಆ ಹೊಸ ಅಧ್ಯಯನದಲ್ಲಿ 33,838 ಮರ ಅಂದರು. ಪರಿಹಾರವನ್ನು 2013ರ ಹೊಸ ಭೂಸ್ವಾಧೀನ ಕಾನೂನಿನಂತೆ ಲೆಕ್ಕ ಹಾಕಬೇಕು ಅನ್ನುವ ರೈತರ ಆಸೆಗೆ 2022ರ ಜನವರಿಯ ತೀರ್ಪು ತೆರೆ ಎಳೆಯಿತು. 1894ರ ಹಳೇ ಕಾನೂನಿನ ಲೆಕ್ಕವೇ ಅನ್ವಯ ಅಂತ ಆಯಿತು. ಈಗ ನಗದಿನ ಜೊತೆ ಅಭಿವೃದ್ಧಿಪಡಿಸಿದ ಜಾಗ, ಟಿಡಿಆರ್ (ಬೇರೆ ಕಡೆ ಬಳಸಲು ಅಥವಾ ಮಾರಲು ಸಿಗುವ ಕಟ್ಟಡದ ಹಕ್ಕು) ಅಂತೆಲ್ಲ ಆಯ್ಕೆಗಳ ಮಾತು ಬಂದಿದೆ. ಯಾವ ಆಯ್ಕೆ ಬಂದರೂ ನಡುವೆ ಕಳೆದ ವರ್ಷಗಳಿಗೆ ಬೆಲೆ ಕಟ್ಟದಿದ್ದರೆ ಅದು ನ್ಯಾಯ ಅಲ್ಲ. ಈ ವಿಷಯದಲ್ಲಿ ನನ್ನ ಮಾತು ಬದಲಾಗುವುದಿಲ್ಲ. ಗೆರೆ ಬೇಗ ಎಳೆಯಿರಿ. ಎಳೆದ ದಿನದಿಂದಲೇ ಮಾರುವವರ ಜಮೀನನ್ನು ಕೊಳ್ಳಲು ಹಣ ಇಡಿ. ಹಣ ಇಡಲು ಆಗದಿದ್ದರೆ ಗೆರೆಗೊಂದು ಕೊನೆಯ ದಿನ ಇಡಿ.

ಇಲ್ಲಿ ಅಂತಿಮ ವರದಿ 2017ರ ಡಿಸೆಂಬರಿನಲ್ಲಿ ಬಂತು. ಜನ ಬರೆದ ಪತ್ರಗಳಿಗೆ ಅದರಲ್ಲಿ ಉತ್ತರ ಇತ್ತು. ನಮ್ಮ ಪತ್ರಕ್ಕೂ ಇತ್ತು. ಸೇತುವೆಗಳ ವಿಷಯವನ್ನು ವಿನ್ಯಾಸದ ಹಂತದಲ್ಲಿ ಊರಿನವರ ಜೊತೆ ಮಾತಾಡಿ ತೀರ್ಮಾನಿಸುತ್ತೇವೆ ಅನ್ನುವ ಅರ್ಥದ ಕೆಲವು ಸಾಲು. ಅದನ್ನು ಓದಿ ಮನಸ್ಸಿಗೆ ಸಮಾಧಾನ ಆಯಿತು. ಆ ಸಾಲುಗಳನ್ನು ಹಿಡಿದುಕೊಂಡೇ ಆಮೇಲೆ ಊರಿನ ಯೋಜನಾ ಸಭೆಗಳಲ್ಲಿ ಕೇಳಲು ಆಯಿತು. 2018ರ ಜೂನಿನಲ್ಲಿ ಕೊನೆಯ ನಿರ್ಣಯಕ್ಕೆ ಸಹಿ ಬಿತ್ತು. ಪರಿಸರದ ಸಂಘಟನೆಗಳು ಕೋರ್ಟಿಗೆ ಹೋದವು, 2019ರಲ್ಲಿ ಒಪ್ಪಂದವಾಯಿತು. ಕಪ್ಪೆಚಿಪ್ಪುಗಳನ್ನು ಸಾಕಿ ಬೆಳೆಸುವ ಒಂದು ಕೇಂದ್ರ ಯೇಟ್ಸ್ ಮಿಲ್ ಹತ್ತಿರ ಬಂತು. ಅದು ನನಗೆ ತುಂಬಾ ಸಂತೋಷ ಕೊಟ್ಟ ಸಂಗತಿ.

ಹೆದ್ದಾರಿ ಪಕ್ಕ ಮನೆ ಇರುವವರಿಗೆ ತೀರಾ ಉಪಯೋಗಕ್ಕೆ ಬರುವ ವಿಷಯ ಶಬ್ದದ ಗೋಡೆ, ಅಂದರೆ ರಸ್ತೆಯ ಸದ್ದು ತಡೆಯಲು ಕಟ್ಟುವ ಗೋಡೆ. ಇದನ್ನು ವಿವರವಾಗಿ ಹೇಳಬೇಕು. ಮನೆಗಳಿಗೆ ಲೆಕ್ಕದ ಮಿತಿ 67 ಡೆಸಿಬೆಲ್. ಮುಂದೆ ಬರುವ ಸದ್ದು ಅದರ ಹತ್ತಿರ ಹೋಗುತ್ತದೆ ಅಂತ ಕಂಡುಬಂದರೆ ಗೋಡೆಯ ವಿಚಾರ ಮಾಡಬೇಕು. ಆದರೆ ಗೋಡೆಯಿಂದ ಸದ್ದು ಸಾಕಷ್ಟು ಇಳಿಯಬೇಕು, ಕಡಿಮೆ ಅಂದರೂ 5 ಡೆಸಿಬೆಲ್ ಇಳಿಯುವ ಮನೆಗಳನ್ನು ಮಾತ್ರ ಫಲ ಸಿಗುವ ಮನೆ ಅಂತ ಎಣಿಸುತ್ತಾರೆ. ಅಂಥ ಮನೆಗಳು ಹೆಚ್ಚಿದ್ದಷ್ಟೂ ಗೋಡೆಗೆ ಆಗುವ ಖರ್ಚನ್ನು ಒಪ್ಪುತ್ತಾರೆ. ಮನೆಗಳು ಒತ್ತಾಗಿರುವ ಬಡಾವಣೆಗೆ ಗೋಡೆ ಸಿಗುತ್ತದೆ. ಒಂಟಿ ಹೊಲದ ಮನೆಗೆ ಸಿಗುವುದು ಕಷ್ಟ. ಆಮೇಲೆ ಮನೆಗಳಿಗೆ ಮತಪತ್ರ ಬರುತ್ತದೆ. ಮಾಲೀಕರಿಗೂ ಮತ ಇದೆ, ಬಾಡಿಗೆಯವರಿಗೂ ಇದೆ. ಬೇಡ ಅನ್ನುವವರು ಹೆಚ್ಚಾದರೆ ಗೋಡೆ ಇಲ್ಲ. ನಮ್ಮ ಬೀದಿಯಲ್ಲಿ ಕೆಲವರು ಮರಗಳು ಕಾಣುವುದಿಲ್ಲ ಅಂತ ಬೇಡ ಅಂದರು. ನಾವು ಮನೆ ಮನೆಗೆ ಹೋಗಿ ಮಾತಾಡಿದೆವು. ಗೋಡೆ ಬಂತು.

ಇದರಲ್ಲಿ ಒಂದು ದಿನಾಂಕ ತುಂಬಾ ಮುಖ್ಯ. ರಸ್ತೆಯ ಅಂತಿಮ ನಿರ್ಣಯಕ್ಕೆ ಸಹಿ ಬಿದ್ದ ದಿನವನ್ನು, ಇನ್ನು ಇದು ಎಲ್ಲರಿಗೂ ಗೊತ್ತು ಅನ್ನುವ ದಿನ ಅಂತ ಹಿಡಿಯುತ್ತಾರೆ. ಅದಕ್ಕಿಂತ ಮೊದಲು ಕಟ್ಟಡದ ಪರವಾನಗಿ ಪಡೆದ ಮನೆಗಳಿಗೆ ಮಾತ್ರ ಸರ್ಕಾರದ ಗೋಡೆ. 2018ರ ನಂತರ ಬಂದ ಬಡಾವಣೆಗಳಿಗೆ ಇಲ್ಲ. ಅಲ್ಲಿ ಬಿಲ್ಡರ್‌ನವರೇ ಕಟ್ಟಿಕೊಡಬೇಕು, ಇಲ್ಲವೇ ಸದ್ದಿನ ಜೊತೆ ಬದುಕಬೇಕು. ಇದನ್ನು ಮನೆ ಕೊಳ್ಳುವವರಿಗೆ ಯಾರೂ ಹೇಳುವುದಿಲ್ಲ.

2019ರ ಕೊನೆಗೆ ಕೆಲಸ ಶುರುವಾಗಿ, 2024ರ ಸೆಪ್ಟೆಂಬರ್ 25ರಂದು 55 ಬೈಪಾಸಿನಿಂದ ಗಾರ್ನರ್ ಹತ್ತಿರದ ಐ-40 ಹೆದ್ದಾರಿ ತನಕದ 18 ಮೈಲಿ ತೆರೆಯಿತು. ಟೆನ್-ಟೆನ್ ರೋಡಿನಲ್ಲಿ ಬೆಳಗಿನ ಸಾಲು ಈಗ ಮೊದಲಿನಷ್ಟಿಲ್ಲ. ಕ್ಯಾಮೆರಾ ನಂಬರ್ ಪ್ಲೇಟ್ ಓದಿ ಟೋಲ್ ಬಿಲ್ ಮನೆಗೆ ಕಳಿಸುತ್ತದೆ. ಉತ್ತರ ರಾಲಿಯವರಿಗೆ ಪುಕ್ಕಟೆ, ನಮಗೆ ಟೋಲ್ ಯಾಕೆ ಅನ್ನುವ ನೋವು ಇಲ್ಲಿನ ಜನರಿಗೆ ಇನ್ನೂ ಇದೆ, ಅದು ಸರಿಯಾದ ನೋವೇ. ರಸ್ತೆ ಬರುವ ಮೊದಲೇ ಬೆಳವಣಿಗೆ ಬಂದಾಗಿತ್ತು. 2021ರಲ್ಲೇ ಫ್ಯೂಜಿಫಿಲ್ಮ್, ಆಮ್ಜೆನ್ ಇಬ್ಬರೂ ಹಾಲಿ ಸ್ಪ್ರಿಂಗ್ಸ್‌ನಲ್ಲಿ ದೊಡ್ಡ ಔಷಧ ಕಾರ್ಖಾನೆಗಳನ್ನು ಘೋಷಿಸಿದ್ದರು. ಇಂಟರ್‌ಚೇಂಜುಗಳ ಸುತ್ತ ಅಪಾರ್ಟ್‌ಮೆಂಟುಗಳು ಏಳುತ್ತಿವೆ. ಈ ರಸ್ತೆಯೂ ತುಂಬುವ ದಿನ ದೂರವಿಲ್ಲ ಅಂತ ನನಗನ್ನಿಸುತ್ತದೆ. ಬಸ್ಸಿಗೂ ರೈಲಿಗೂ ಈಗಲೇ ಜಾಗ ಹಿಡಿದಿಡಬೇಕು ಅಂತ ಊರಿನ ಸಭೆಯಲ್ಲಿ ಕೇಳುತ್ತಲೇ ಇದ್ದೇನೆ.

ಐ-40ಯಿಂದ ನೈಟ್‌ಡೇಲ್ ತನಕದ ಉಳಿದ 10 ಮೈಲಿಯ ಕೆಲಸ ನಡೆಯುತ್ತಿದೆ, 2028ಕ್ಕೆ ತೆರೆಯುವ ಅಂದಾಜು. ಆ ಕಡೆ ಮನೆ ನೋಡುತ್ತಿರುವ ನಮ್ಮ ಕನ್ನಡದ ಗೆಳೆಯರು ಫೋನ್ ಮಾಡಿದರೆ ನಾನು ಮೊದಲು ಕೇಳುವುದು ಆ ಮನೆಗೆ ಪರವಾನಗಿ ಸಿಕ್ಕ ವರ್ಷವನ್ನು. ಆಮೇಲೆ ಊರಿನ ಯೋಜನಾ ಕಚೇರಿಗೆ ಹೋಗಿ ಸಾರಿಗೆ ನಕ್ಷೆ ನೋಡಿ ಬನ್ನಿ ಅನ್ನುತ್ತೇನೆ. ಕೇಳಿದರೆ ಅದನ್ನು ಯಾರಿಗಾದರೂ ತೋರಿಸುತ್ತಾರೆ.